ಹಂತಕ್ಕೆ ಅಂಕ

ಜನವರಿ 4, ಶನಿವಾರ

ಹೊಸ ಡೈರಿ. ವಿಮಾ ಏಜೆಂಟ್ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ‘ನಾಳೆಯ ಬಗ್ಗೆ ಯೋಚಿಸಿದ್ದೀರಾ?’ ಎಂದು ಅಚ್ಚು ಹಾಕಿಸಿದ್ದಾನೆ. ಮಹಾರಾಯ, ಇವತ್ತಿನದ್ದನ್ನೇ ಇನ್ನೂ ಯೋಚಿಸಿ ಮುಗಿಸಿಲ್ಲ.

ಮಧ್ಯಾಹ್ನ ಹೆಡ್‌ಮಿಸ್ ಕರೆಸಿದರು. ಮೇಜಿನ ಮೇಲೆ ಅರ್ಧವಾರ್ಷಿಕ ಪರೀಕ್ಷೆಯ ಎರಡು ಗಣಿತದ ಉತ್ತರಪತ್ರಿಕೆ. ಎರಡೂ ಹತ್ತನೇ ತರಗತಿ ‘ಎ’ ವಿಭಾಗದವು, ಅಂದರೆ ಅಕ್ಕ ತಿದ್ದಿದವು. ‘ಬಿ’ ವಿಭಾಗ ನನ್ನದು. ಅಕ್ಕ ತಮ್ಮ ಇಬ್ಬರೂ ಒಂದೇ ಶಾಲೆಯಲ್ಲಿ ಗಣಿತ ಹೇಳುತ್ತೇವೆ, ಒಂದೇ ಮನೆಯಲ್ಲಿ ಉಣ್ಣುತ್ತೇವೆ. ಇಬ್ಬರೂ ಮದುವೆಯಾಗಲಿಲ್ಲ. ಕೂಡಿಸುವುದನ್ನು ಊರಿಗೆಲ್ಲ ಕಲಿಸಿದವರು ನಾವು.

ಮೊದಲನೆಯದು ‘ಎರಡು ಜಡೆ’ ಎಂದು ಎಲ್ಲರೂ ಕರೆಯುವ ಹುಡುಗಿಯದ್ದು. ಕೊನೆಯ ಲೆಕ್ಕವನ್ನು ಹಂತ ಹಂತವಾಗಿ, ಮುತ್ತು ಪೋಣಿಸಿದಂತೆ ಬಿಡಿಸಿದ್ದಾಳೆ. ಪಕ್ಕದಲ್ಲಿ ಅಕ್ಕನ ಕೆಂಪು ಸೊನ್ನೆ. ಎರಡನೆಯದರಲ್ಲಿ ಒಬ್ಬ ಭೂಪ ಪ್ರಶ್ನೆಯನ್ನೇ ಮತ್ತೊಮ್ಮೆ ಅಂದವಾಗಿ ನಕಲು ಮಾಡಿಟ್ಟಿದ್ದಾನೆ. ಅವನಿಗೆ ಪೂರ್ತಿ ಅಂಕ, ಮೇಲೊಂದು ‘ಚೆನ್ನಾಗಿದೆ’.

“ನಿಮ್ಮ ಅಕ್ಕನೇ ತಿದ್ದಿದ್ದಾ ಇದು?”

“ಅಕ್ಷರ ಅವಳದ್ದೇ ಮೇಡಂ.”

“ಅಂಕ?”

ನಾಟಕ ಅಂದಮೇಲೆ ಅಂಕ ಇರಲೇಬೇಕಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

“ಬೇರೆ ಯಾರಾದ್ರೂ ಆಗಿದ್ರೆ ಕಣ್ತಪ್ಪು ಅಂತ ಬಿಟ್ಟುಬಿಡ್ತಿದ್ದೆ ಮೇಷ್ಟ್ರೇ. ಇವರು ‘ಹೇಗೆ ಮಿಸ್’. ನೀವೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ತಲೆ ಸರಿಯಾಗಿದೆ ಅಂತ ಒಂದು ಕಾಗದ ತನ್ನಿ. ಇಲ್ದಿದ್ರೆ ‘ಎ’ ವಿಭಾಗ ನಾನು ಅವರ ಕೈಯಿಂದ ತೆಗೀಬೇಕಾಗುತ್ತೆ.”

‘ಹೇಗೆ ಮಿಸ್’ ಎಂದರೆ ಅಕ್ಕ. ಯಾರು ಏನೇ ಉತ್ತರ ಹೇಳಲಿ, ಅವಳ ಮಾತು ಒಂದೇ: “ಹೇಗೆ ಬಂತು?” ಉತ್ತರ ಗಾಳಿಯಲ್ಲೂ ತೇಲಿ ಬರುತ್ತದೆ, ದಾರಿ ತೋರಿಸಿದರೆ ಮಾತ್ರ ಅಂಕ ಎನ್ನುವುದು ಅವಳ ಕಾನೂನು. ಇನ್ನೊಂದು ಕಾನೂನು ನಕಲಿನದ್ದು: ನೋಡಿದವರಿಗೂ ಸೊನ್ನೆ, ತೋರಿಸಿದವರಿಗೂ ಸೊನ್ನೆ. ಅವಳು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಅವಳ ತರಗತಿಯಲ್ಲೇ ವಿದ್ಯಾರ್ಥಿಯಾಗಿ ಕೂತಿದ್ದ ನಾನು ಪಕ್ಕದವನಿಗೆ ಹಾಳೆ ವಾಲಿಸಿ ಆ ಪ್ರಸಾದವನ್ನೂ ಉಂಡಿದ್ದೇನೆ. ಸಂಜೆ ಮನೆಯಲ್ಲಿ ಏನೂ ಆಗದವಳ ಹಾಗೆ ಅನ್ನ ಬಡಿಸಿದಳು. ಸೊನ್ನೆ ಮಾತ್ರ ಸೊನ್ನೆಯಾಗಿಯೇ ಉಳಿಯಿತು.

ಜನವರಿ 7

ಹೇಳಿದೆ. ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

“ತರಗತಿ ತೆಗೆದ್ರೆ ಮನೇಲಿ ಕೂತು ಏನ್ ಮಾಡ್ಲಿ? ನಿನ್ನ ಮುಖ ನೋಡ್ಲಾ?”

“ಅಷ್ಟೇನೂ ಕೆಟ್ಟದಾಗಿಲ್ಲ ಅಕ್ಕ.”

“ಕನ್ನಡೀನ ಕೇಳಿದ್ಯಾ?”

ನಕ್ಕೆವು. ಆಮೇಲೆ ಅವಳು ನಾರನ್ನೆಲ್ಲ ಪಾತ್ರೆಗೆ ಹಾಕಿ ಕಾಯನ್ನೆಲ್ಲ ಕಸದ ಬುಟ್ಟಿಗೆ ಹಾಕಿದಳು. ನಾನು ನೋಡಿದ್ದನ್ನು ಅವಳೂ ನೋಡಿದಳು.

“ನಂಗೊತ್ತು ಪುಟ್ಟ,” ಅಂದಳು. “ಬೋರ್ಡ್ ಮುಂದೆ ನಿಂತಾಗ ಒಂದೊಂದ್ಸಲ ಸಂಖ್ಯೆ ಇರುತ್ತೆ. ಮುಂದಿನ ಸಾಲು ಇರಲ್ಲ. ಅಲ್ಲೇ ಇತ್ತು, ಯಾರೋ ಎತ್ತಿಟ್ಟ ಹಾಗೆ.” ಬುಟ್ಟಿಯ ಕಡೆ ನೋಡುತ್ತ, “ಈ ಮಕ್ಕಳ ಪರೀಕ್ಷೆ ಮುಗಿಯೋವರೆಗೆ ಕಣೋ. ಅಷ್ಟು ಸಾಕು. ಆಮೇಲೆ ನಿನ್ನ ಮುಖಾನೇ ನೋಡ್ತೀನಿ.”

ಕಾಯನ್ನು ಬುಟ್ಟಿಯಿಂದ ಆರಿಸಿ ತೊಳೆದೆ.

ಜನವರಿ 9

ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆ!

ಸೋರಿಸಿದವರು ನಮ್ಮ ಡ್ರಿಲ್ ಮೇಷ್ಟ್ರು. ಅವರ ತಂದೆಯನ್ನು ಮರೆವಿಗೆಂದು ಇದೇ ಡಾಕ್ಟರಿಗೆ ತೋರಿಸಿದ್ದರಂತೆ. “ಎಲ್ರಿಗೂ ಅದೇ ಪ್ರಶ್ನೆ ಸಾರ್! ನೂರರಿಂದ ಏಳೇಳು ಕಳೀತಾ ಹೋಗಿ ಅಂತಾರೆ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂತಾರೆ. ಐದು ಪದ ಹೇಳಿ, ಆಮೇಲೆ ವಾಪಸ್ ಕೇಳ್ತಾರೆ. ಬಾಗಿಲು, ಕುದುರೆ, ನೀಲಿ, ಚಮಚ, ಸೇತುವೆ. ನಮ್ಮಪ್ಪಂಗೆ ಬರ್ಲಿಲ್ಲ, ಪಕ್ಕದಲ್ಲಿ ಕೂತು ಕೂತು ನಂಗೇ ಬಾಯಿಪಾಠ ಆಗಿದೆ.”

ಪ್ರಶ್ನೆ ಗೊತ್ತಾದರೆ ನನ್ನನ್ನು ಹಿಡಿಯುವವರುಂಟೆ? ‘ಬಿ’ ವಿಭಾಗದ ಫಲಿತಾಂಶ ಪ್ರತಿ ವರ್ಷ ‘ಎ’ಗಿಂತ ಒಂದು ಕೈ ಮೇಲೆ. ಗುಟ್ಟು ಏನಿಲ್ಲ. ಬರಬಹುದಾದ ಪ್ರಶ್ನೆ ಆರಿಸಿ ಮಾದರಿ ಕಟ್ಟು ಮಾಡಿ ಹಂಚುತ್ತೇನೆ. ಮಕ್ಕಳು ಅರೆದು ಕುಡಿಯುತ್ತಾರೆ. “ನಿನ್ನ ಮಕ್ಕಳು ಪಾಸಾಗ್ತಾರೆ, ಕಲಿಯಲ್ಲ,” ಎಂದು ಅಕ್ಕ ಹಂಗಿಸುತ್ತಾಳೆ. ಈಗ ಅವಳೇ ನನ್ನ ‘ಬಿ’ ವಿಭಾಗಕ್ಕೆ ವರ್ಗವಾಗಿ ಬಂದಿದ್ದಾಳೆ.

ಜನವರಿ 12, ಭಾನುವಾರ

ಪಾಠ ಭರದಿಂದ ಸಾಗಿದೆ. ಅಕ್ಕನ ಮುಖದಲ್ಲಿ ಕಳೆ ಇದೆ, ಕಳೆಯುವುದು ಮಾತ್ರ ಬರುವುದಿಲ್ಲ. ನೂರರಿಂದ ಏಳು ಹೋದರೆ ತೊಂಬತ್ತಮೂರು ಎನ್ನುತ್ತಾಳೆ. ಅಲ್ಲಿಂದ ಏಳು ಎಂದರೆ ‘ಎಲ್ಲಿಂದ?’ ಎನ್ನುತ್ತಾಳೆ. ಕೊನೆಗೆ ಕಳೆಯುವುದನ್ನೇ ಕಳೆದುಬಿಟ್ಟೆ. ಚಿಕ್ಕ ಮಕ್ಕಳ ಮಗ್ಗಿಯ ಹಾಗೆ ರಾಗ ಹಾಕಿಸಿದೆ: ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು. ರಾಗ ಹಿಡಿದ ಮೇಲೆ ಬಟ್ಟೆ ಒಣಹಾಕುವಾಗಲೂ ಬರತೊಡಗಿತು.

ಗಡಿಯಾರಕ್ಕೂ ಒಂದು ಉಪಾಯ. ದುಂಡಗೆ ಮುಖ, ಮೇಲೆ ಎರಡು ಕೊಂಬು: ಎಡಗಡೆ ಗಿಡ್ಡ, ಬಲಗಡೆ ಉದ್ದ. ಹನ್ನೊಂದು ಹತ್ತು ಎಂದರೆ ಕೊಂಬಿನ ಮುಖ. ಸರಿಯಾಗಿ ಬರೆದಾಗಲೆಲ್ಲ ನಾನು “ಸರಿ, ಮುಗೀತು” ಎಂದು ಅವಳ ಕೈಯಿಂದ ಹಾಳೆ ತೆಗೆದುಕೊಳ್ಳುತ್ತೇನೆ. ಮುಗೀತು ಎಂದರೆ ಅವಳಿಗೆ ಖುಷಿ. ಈಗ ಕೊಂಬು ಮೂಡಿದ ಕೂಡಲೇ ಅವಳೇ “ಸರಿ, ಮುಗೀತು” ಎಂದು ಹಾಳೆ ಚಾಚುತ್ತಾಳೆ.

ನಡುವೆ ಒಮ್ಮೆ ಪೆನ್ಸಿಲ್ ಕೆಳಗಿಟ್ಟು ಕೇಳಿದಳು: “ಇದು ಕಾಪಿ ಅಲ್ವೇನೋ?”

“ಕಾಪಿ ಅಲ್ಲ ಅಕ್ಕ, ಕಾಫಿ,” ಎಂದು ಲೋಟ ಮುಂದಿಟ್ಟೆ.

ಕುಡಿದಳು. ನಗಲಿಲ್ಲ.

ಜನವರಿ 17

ಮೂವತ್ತಕ್ಕೆ ಇಪ್ಪತ್ತೆಂಟು!

ಡಾಕ್ಟರ್ ಚಿಕ್ಕ ಪ್ರಾಯದವರು, ಒಳ್ಳೆಯವರು. ಅಕ್ಕ ಸಂಖ್ಯೆಗಳನ್ನು ಜಾರುಬಂಡೆಯ ಮೇಲಿಂದ ಬಿಟ್ಟ ಹಾಗೆ ಉದುರಿಸಿದಳು. ಬಾಗಿಲು, ಕುದುರೆ, ನೀಲಿ, ಚಮಚ, ಸೇತುವೆ, ಒಂದೂ ತಪ್ಪಲಿಲ್ಲ. “ಮೇಡಂ, ನೀವು ನನಗಿಂತ ಚುರುಕು. ವಯಸ್ಸಾಯ್ತು, ಸುಸ್ತು, ಅಷ್ಟೇ. ಔಷಧಿ ಏನೂ ಬೇಡ, ಮುಂದಿನ ವರ್ಷ ಬನ್ನಿ,” ಎಂದು ಕಾಗದ ಬರೆದುಕೊಟ್ಟರು. ‘ಬೋಧನೆಗೆ ಯೋಗ್ಯರು.’

ಗುಣಿಸುವುದು ಗೊತ್ತಿದ್ದವರಿಗೆ ಗುಣವಾಗುವುದು ಯಾವ ಮಹಾ ಎಂದು ಬಸ್ಸಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತ, “ಅವರು ಹೇಗೆ ಬಂತು ಅಂತ ಕೇಳಲೇ ಇಲ್ಲ ಕಣೋ,” ಅಂದಳು.

ಸಾಯಂಕಾಲವೇ ಕಾಗದ ಹೆಡ್‌ಮಿಸ್ ಮೇಜು ಸೇರಿತು. ಸಿಹಿ ತಂದೆ.

ಫೆಬ್ರವರಿ 3

ಬಿಡುವಾಗಲಿಲ್ಲ. ಅಕ್ಕನ ಕಿರುಪರೀಕ್ಷೆಯ ಕಟ್ಟುಗಳನ್ನು ಅವಳಿಗೆ ತಿಳಿಯದ ಹಾಗೆ ನಾನೇ ತಿದ್ದುತ್ತಿದ್ದೇನೆ. ಅವಳ ಕೆಂಪು ಪೆನ್ನಿನಲ್ಲಿ, ಅವಳ ಕೈಬರಹದಲ್ಲಿ, ಹಂತಕ್ಕೆ ಅಂಕ ಹಾಕಿ. ನನ್ನ ವಿಭಾಗದ್ದು ಉತ್ತರ ನೋಡಿ ಗೀಟು ಎಳೆದರೆ ಮುಗಿಯುತ್ತಿತ್ತು. ಅವಳ ಕ್ರಮದಲ್ಲಿ ತಿದ್ದಲು ಮಗು ಏನು ಯೋಚಿಸಿತು ಎಂದು ಓದಬೇಕು. ಬೆನ್ನು ನೋವು. ಎರಡು ಜಡೆಯ ಹುಡುಗಿ ಒಂದು ಲೆಕ್ಕವನ್ನು ತಪ್ಪು ದಾರಿಯಲ್ಲಿ ಶುರುಮಾಡಿ, ಅರ್ಧದಲ್ಲಿ ತನಗೇ ಅನುಮಾನ ಬಂದು ಹಿಂದಿರುಗಿ ಸರಿದಾರಿ ಹಿಡಿದಿದ್ದಾಳೆ. ಹೊಡೆದುಹಾಕಿದ ಸಾಲುಗಳನ್ನೂ ಓದಿದೆ. ಅವಕ್ಕೆ ಅಂಕ ಕೊಡಲು ಬರುವುದಿಲ್ಲ ಎಂದು ಬೇಜಾರಾಯಿತು.

ಇವತ್ತು ‘ಎ’ ವಿಭಾಗದ ಮುಂದಿನ ವರಾಂಡದಲ್ಲಿ ಹೋಗುತ್ತಿದ್ದಾಗ ಅದೇ ಹುಡುಗಿಯ ದನಿ ಕೇಳಿಸಿತು: “ಮಿಸ್, ಆ ಕೊನೇ ಸಾಲು ಹೇಗೆ ಬಂತು?”

ಆ ಪ್ರಶ್ನೆಯನ್ನು ತನ್ನ ಜೀವಮಾನವಿಡೀ ಕೇಳಿದವಳಿಗೆ ಯಾರೋ ತಿರುಗಿ ಕೇಳಿದ್ದರು. ಸೀಮೆಸುಣ್ಣದ ಸದ್ದು ನಿಂತಿತು.

“ಬಾಯಿಪಾಠ ಮಾಡು,” ಅಂದಳು ಅಕ್ಕ.

ನಾನು ಸರಸರನೆ ಮುಂದೆ ಹೋದೆ.

ಫೆಬ್ರವರಿ 19, ಬುಧವಾರ

ಪೂರ್ವಸಿದ್ಧತಾ ಪರೀಕ್ಷೆ, ಗಣಿತ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ. ಇದರಲ್ಲಿ ಪಾಸಾಗದವರನ್ನು ಈ ವರ್ಷ ದೊಡ್ಡ ಪರೀಕ್ಷೆಗೆ ಕಳಿಸುವುದಿಲ್ಲ ಎಂದು ಶಾಲೆಯ ನಿಯಮ. ಹೆಡ್‌ಮಿಸ್ ಮೇಲಿನ ಕಚೇರಿಯ ಮೀಟಿಂಗಿಗೆ ಹೋಗಿದ್ದರು. ಮೈದಾನದ ಪಕ್ಕದ ಕೊನೆಯ ಕೋಣೆಯಲ್ಲಿ ‘ಎ’ ವಿಭಾಗ, ಕಾವಲಿಗೆ ಅಕ್ಕ. ನಾನು ಮಹಡಿಯಲ್ಲಿ.

ಡ್ರಿಲ್ ಮೇಷ್ಟ್ರು ಏದುಸಿರು ಬಿಡುತ್ತ ಬಂದರು. “ಸಾರ್, ನಿಮ್ಮ ಅಕ್ಕನ ರೂಮಿನ ಮಕ್ಕಳೆಲ್ಲ ಹೊರಗಿದಾರೆ!”

“ಯಾಕೆ?”

“ಮಿಸ್ ಪೇಪರ್ ತಗೊಂಡ್ಬಿಟ್ರಂತೆ. ಆಗ್ಲೇ ಅರ್ಧ ಗಂಟೆ ಆಯ್ತು. ಅರ್ಧ ಜನ ಹಿಂದಿನ ಗೇಟಿಂದ ಮನೆಗೂ ಹೋದ್ರು.”

ಓಡಿದೆ. ಅಕ್ಕ ಉತ್ತರಪತ್ರಿಕೆಗಳನ್ನು ದಾರ ಹಾಕಿ ಕಟ್ಟಿ ಮೇಜಿನ ಮೇಲಿಟ್ಟು, ಕೈಕಟ್ಟಿ ಕುಳಿತಿದ್ದಳು. ನೆಮ್ಮದಿಯಾಗಿದ್ದಳು. ಎದುರಿಗೆ ಖಾಲಿ ಬೆಂಚುಗಳು, ಅವುಗಳ ಮೇಲ್ಗಡೆ ಗೋಡೆ ಗಡಿಯಾರ.

“ಯಾಕಕ್ಕ ಇಷ್ಟು ಬೇಗ?”

“ಬೇಗ ಅಲ್ಲ ಕಣೋ. ಕೊಂಬು ಬಂತಲ್ಲ,” ಎಂದು ಗಡಿಯಾರ ತೋರಿಸಿದಳು. “ಸರಿ, ಮುಗೀತು ಅಂದೆ. ಕೊಟ್ಟರು. ಒಬ್ಬರೂ ತಕರಾರು ಮಾಡ್ಲಿಲ್ಲ, ಒಳ್ಳೇ ಮಕ್ಕಳು.”

ತಕರಾರು ಮಾಡುವುದು ಹೇಗೆ? ಹೇಗೆ ಮಿಸ್ ಮುಗೀತು ಎಂದರೆ ಮುಗಿಯಿತು. ಅವಳ ತರಗತಿಯಲ್ಲಿ ಗಡಿಯಾರವೇ ತಪ್ಪಿರಬಹುದು, ಅವಳಲ್ಲ.

ಹನ್ನೊಂದು ಹತ್ತಕ್ಕೆ.

ಡ್ರಿಲ್ ಮೇಷ್ಟ್ರಿಗೆ, ಸದ್ಯಕ್ಕೆ ಯಾರಿಗೂ ಹೇಳಬೇಡಿ ಎಂದೆ. ಅವರು ನನ್ನನ್ನೇ ನೋಡಿ, “ಗಡಿಯಾರ ನಾನು ಹೇಳಿದ್ದಲ್ವಾ ಸಾರ್,” ಅಂದರು. ಅಷ್ಟೇ ಅಂದರು.

ಫೆಬ್ರವರಿ 20

ತಿದ್ದುತ್ತಿದ್ದೇನೆ. ಎಲ್ಲರದ್ದೂ ಅರ್ಧಕ್ಕೇ ನಿಂತಿದೆ. ಎರಡು ಜಡೆಯ ಹುಡುಗಿಯ ಕೊನೆಯ ಸಾಲು ಸಮ ಚಿಹ್ನೆಯ ಹತ್ತಿರ ಮುಗಿಯುತ್ತದೆ. ಆಚೆ ಏನಿಲ್ಲ. ದೊಡ್ಡ ಲೆಕ್ಕಗಳನ್ನು ಮೊದಲು ಹಿಡಿದು, ಸಣ್ಣವನ್ನು ಕೊನೆಗೆಂದು ಇಟ್ಟುಕೊಂಡಿದ್ದಳು. ಎಷ್ಟು ಎಳೆದಾಡಿದರೂ ಪಾಸಿಗೆ ಬೇಕಾದ ಮೂವತ್ತೈದಕ್ಕೆ ಬರುತ್ತಿಲ್ಲ.

ಫೆಬ್ರವರಿ 27

ಹೆಡ್‌ಮಿಸ್ ಕೋಣೆಯಲ್ಲಿ ನಾಲ್ಕಾರು ತಂದೆತಾಯಂದಿರು. ಮಿಸ್ ಬೇಗ ಪೇಪರ್ ಕಿತ್ಕೊಂಡ್ರು ಅಂತ ಮಕ್ಕಳು ಹೇಳ್ತಾವೆ ಎಂದರು. ಹೆಡ್‌ಮಿಸ್ ಅಕ್ಕನನ್ನು ಕರೆಸಿ ಕೇಳಿದರು. “ಮುಗಿದ ಮೇಲೇ ತಗೊಂಡೆ,” ಎಂದಳು ಅಕ್ಕ, ಸುಳ್ಳಿನ ಲವಲೇಶವೂ ಇಲ್ಲದ ದನಿಯಲ್ಲಿ. ಅವಳು ಹೋದ ಮೇಲೆ ಹೆಡ್‌ಮಿಸ್ ಡ್ರಾಯರಿನಿಂದ ಡಾಕ್ಟರ ಕಾಗದ ತೆಗೆದು ಮೇಜಿನ ಮೇಲಿಟ್ಟರು.

“ನನಗೂ ಅನುಮಾನ ಇತ್ತು. ಅದಕ್ಕೇ ಪರೀಕ್ಷೆ ಮಾಡಿಸಿದ್ದು. ಡಾಕ್ಟರೇ ಇಪ್ಪತ್ತೆಂಟು ಕೊಟ್ಟಿದಾರೆ. ಅಂದ್ಮೇಲೆ ಯಾರನ್ನ ನಂಬಲಿ? ಬರೆಯೋಕೆ ಬರದ ಮಕ್ಕಳು ಹೀಗೆಲ್ಲ ಹೇಳ್ತಾವೆ.” ನನ್ನ ಕಡೆ ತಿರುಗಿ, “ಅಲ್ವಾ ಮೇಷ್ಟ್ರೇ?”

ಬಾಗಿಲ ಬಳಿ ಎರಡು ಜಡೆಯ ಹುಡುಗಿ ತನ್ನ ಅಮ್ಮನ ಹಿಂದೆ ನಿಂತಿದ್ದಳು. ನನ್ನನ್ನು ನೋಡುತ್ತಿದ್ದಳು. ನಾನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ಗಂಟಲು ಸರಿಮಾಡಿಕೊಂಡೆ.

ಹೇಳಿದರೆ ಅಕ್ಕನ ತರಗತಿ ಹೋಗುತ್ತದೆ. ಹೇಳದಿದ್ದರೆ ಆ ಮಕ್ಕಳ ವರ್ಷ ಹೋಗುತ್ತದೆ. ಇದರಲ್ಲಿ ಬಿಡಿಸುವುದಕ್ಕೆ ಏನೂ ಇಲ್ಲ, ಉತ್ತರ ಎದುರಿಗೇ ಇದೆ.

ಫೆಬ್ರವರಿ 28, ಶುಕ್ರವಾರ

ಇವತ್ತು ಹೇಳಲಿಲ್ಲ.

ಮಾರ್ಚ್ 3, ಸೋಮವಾರ

ಹೇಳಿದೆ. ಬೆಳಗ್ಗೆ ಪ್ರಾರ್ಥನೆಗೆ ಮೊದಲೇ. ಸೋರಿಕೆ, ರಾಗ, ಕೊಂಬು, ಎಲ್ಲ.

ಹೆಡ್‌ಮಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಡಾಕ್ಟರ್ ಪರೀಕ್ಷೆಗೂ ಮಾದರಿ ಪ್ರಶ್ನೆನಾ? ನೀವು ಮನುಷ್ಯರಾ, ಗೈಡಾ?”

ಹಿಂದೆ ಆಗಿದ್ದರೆ ನಾನೇ ಆಡಬಹುದಾಗಿದ್ದ ಮಾತು.

“ಗುರುವಾರ ಮತ್ತೆ ಪರೀಕ್ಷೆ ಇಡ್ತೀನಿ. ನಿಮ್ಮ ಅಕ್ಕ ಇವತ್ತಿಂದ ಬರೋದು ಬೇಡ. ನೀವೇ ಹೇಳ್ಬೇಕು, ನನ್ನ ಕೈಲಾಗಲ್ಲ.”

ಅಕ್ಕ ಆಗಲೇ ತರಗತಿಯಲ್ಲಿದ್ದಳು. ಬಾಗಿಲಲ್ಲಿ ನಿಂತು “ಅಕ್ಕ, ಮನೆಗೆ ಹೋಗೋಣ,” ಎಂದೆ. ಶಾಲೆಯೊಳಗೆ ನಾನು ಅವಳನ್ನು ಎಂದೂ ಅಕ್ಕ ಎಂದು ಕರೆದದ್ದಿಲ್ಲ. ಮಕ್ಕಳೆದುರು ಅವಳು ಕೈಯ ಸುಣ್ಣ ಕೊಡವಿಕೊಂಡಳು. ಬೋರ್ಡಿನ ಮೇಲೆ ಒಂದು ಲೆಕ್ಕದ ಮೊದಲ ಸಾಲು ಇತ್ತು. ಅದೇ ಸಾಲನ್ನು ಕೆಳಗೆ ಕೆಳಗೆ, ಬೋರ್ಡು ತುಂಬುವವರೆಗೆ ಬರೆದಿದ್ದಳು.

ಮಾರ್ಚ್ 6

ಮರುಪರೀಕ್ಷೆ ಆಯಿತು. ಎಲ್ಲರೂ ಬಂದಿದ್ದರು. ಎರಡು ಜಡೆ ಬರಲಿಲ್ಲ.

ಸಂಜೆ ಅವರ ಮನೆ ಹುಡುಕಿಕೊಂಡು ಹೋದೆ. ಗ್ಯಾರೇಜಿನ ಹಿಂದೆ ಎರಡು ಕೋಣೆ. ಅಮ್ಮ ಬಾಗಿಲು ತೆಗೆದಳು.

“ಅವಳು ಇಲ್ಲ ಸಾರ್. ಸೋದರತ್ತೆ ಮನೆಗೆ ಕಳಿಸಿದ್ವಿ. ಅಲ್ಲಿ ಬಟ್ಟೆ ಕಾರ್ಖಾನೇಲಿ ಕೆಲಸಕ್ಕೆ ಹಚ್ಚಿದಾರೆ.”

“ಯಾವಾಗ ಹೋದ್ಲು?”

“ಶನಿವಾರ.”

“ವಾಪಸ್ ಕರೆಸಿ. ಅವಳ ಒಬ್ಬಳಿಗೇ ಬೇಕಾದ್ರೂ ಪರೀಕ್ಷೆ ಇಡಿಸ್ತೀನಿ.”

“ನಾವು ಹೇಳಿದ್ವಿ, ಇನ್ನೊಂದ್ಸಲ ಕೇಳಿ ನೋಡೋಣ ಅಂತ. ಅವಳೇ ಬೇಡ ಅಂದ್ಲು. ಮಿಸ್ ಯಾವತ್ತೂ ತಪ್ಪು ಮಾಡಲ್ಲ, ನಾನೇ ನಿಧಾನ ಬರೆದಿರ್ಬೇಕು, ನಂಗೆ ಗಣಿತ ಬರಲ್ಲ ಅಮ್ಮ ಅಂದ್ಲು. ಅವಳಪ್ಪಂಗೆ ಅಷ್ಟು ಸಾಕಾಗಿತ್ತು.”

ಬರುತ್ತೆ, ಅವಳಿಗೆ ಗಣಿತ ಬರುತ್ತೆ ಎಂದೆ. ಎರಡು ಸಲ ಎಂದೆ. ಆ ತಾಯಿ ಕುಡಿಯಲು ನೀರು ತಂದುಕೊಟ್ಟಳು. ಕಾರ್ಖಾನೆಯ ವಿಳಾಸ ಬರೆದುಕೊಂಡು ಬಂದೆ, ಪತ್ರ ಹಾಕಿದ್ದೇನೆ.

ಶುಕ್ರವಾರ ಹೇಳಬಹುದಿತ್ತು.

ಮಾರ್ಚ್ 10

ಡಾಕ್ಟರ್ ಹತ್ತಿರ. ಈ ಸಲ ಏನೂ ಹೇಳಿಕೊಡಲಿಲ್ಲ.

“ನೂರರಿಂದ ಮೂರು ಮೂರು ಕಳೀತಾ ಹೋಗಿ ಮೇಡಂ.”

“ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು...”

“ಏಳಲ್ಲ ಮೇಡಂ, ಮೂರು.”

ಅಕ್ಕ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಪಕ್ಕದವನ ಹಾಳೆಯ ಕಡೆ ಕತ್ತು ಹೊರಳಿಸುವ ಮಗುವಿನದ್ದು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮೂರಕ್ಕೆ ಕಾಲು ಗಂಟೆ ಇದೆ ಅನ್ನೋ ಹಾಗೆ ಗಡಿಯಾರ ಬರೀರಿ ಎಂದರು. ದುಂಡಗೆ ಮುಖ ಬರೆದಳು, ಎರಡು ಕೊಂಬು ಹಾಕಿದಳು. “ಸರಿ, ಮುಗೀತು,” ಎಂದು ಹಾಳೆಯನ್ನು ನನ್ನ ಕಡೆ ಚಾಚಿದಳು, ಡಾಕ್ಟರ ಕಡೆಗಲ್ಲ.

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಹೋದ್ಸಲ ನೀವು ಹೇಳಿಕೊಟ್ಟಿದ್ರಾ?”

“ಹೌದು.”

“ಆಗಲೇ ಔಷಧಿ ಶುರು ಮಾಡಬಹುದಿತ್ತು. ನಿಲ್ಲುತ್ತಿರಲಿಲ್ಲ, ಸ್ವಲ್ಪ ನಿಧಾನ ಆಗ್ತಿತ್ತೇನೋ.” ಸಿಟ್ಟಿನಿಂದೇನೂ ಹೇಳಲಿಲ್ಲ. ಅದು ಇನ್ನೂ ಕಷ್ಟ.

ಅಕ್ಕ ಕೇಳಿಸಿಕೊಳ್ಳುತ್ತಿದ್ದಳು. ಯಾವ ಮಾತು ಎಲ್ಲಿಗೆ ಹೋಗಿ ತಾಗಿತೋ, ಬೆನ್ನು ನೆಟ್ಟಗಾಯಿತು. ಡಾಕ್ಟರ ಮೇಜಿನಿಂದ ಕೆಂಪು ಪೆನ್ನು ಎತ್ತಿಕೊಂಡಳು. ಹಾಳೆಯ ಬಲಮೂಲೆಯಲ್ಲಿ ಒಂದು ಸೊನ್ನೆ ಬರೆದು, ಯಾವಾಗಿನಂತೆ ಕೆಳಗೆ ಎರಡು ಗೆರೆ ಎಳೆದಳು.

“ನೋಡಿದವರಿಗೂ,” ಅಂದಳು. ನನ್ನ ಕಡೆ ತಿರುಗಿದಳು. ತಮ್ಮನನ್ನು ನೋಡುವ ಕಣ್ಣಲ್ಲ ಅದು. ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷದ್ದು.

“ನಿನ್ನ ಪೇಪರ್ ಎಲ್ಲಿ?”

ನನ್ನ ಹತ್ತಿರ ಪೇಪರ್ ಇರಲಿಲ್ಲ. ಆಮೇಲೆ ಅದೇ ಹಾಳೆಯ ಮೇಲೆ, ಮೊದಲನೆಯದರ ಪಕ್ಕ, ಇನ್ನೊಂದು ಸೊನ್ನೆ ಹಾಕಿದಳು. ಡಾಕ್ಟರ್ ಅದನ್ನು ಫೈಲಿಗೆ ಸೇರಿಸಿದರು.

ಮಾರ್ಚ್ 18

ಎರಡೂ ವಿಭಾಗ ಈಗ ನನ್ನದೇ. ದೊಡ್ಡ ಪರೀಕ್ಷೆ ಹತ್ತಿರ ಬಂತು, ಮಾದರಿ ಕಟ್ಟು ಹಂಚಲು ಈ ಸಲ ಪುರುಸೊತ್ತಾಗಲಿಲ್ಲ, ಬೀರುವಿನಲ್ಲೇ ಇದೆ. ಇವತ್ತು ಹಿಂದಿನ ಬೆಂಚಿನವನೊಬ್ಬ ಸರಿ ಉತ್ತರ ಹೇಳಿದ. ದಾರಿ ಕೇಳಿದೆ. ತಬ್ಬಿಬ್ಬಾದ. ಅವನು ಹೇಳುತ್ತ, ನಡುವೆ ಎಡವುತ್ತ, ಉಳಿದವರು ಎತ್ತುತ್ತ, ಗಂಟೆ ಹೊಡೆಯುವ ಹೊತ್ತಿಗೆ ಒಂದೇ ಲೆಕ್ಕ ಆಗಿತ್ತು. ಹೀಗಾದರೆ ಪಾಠ ಮುಗಿಸುವುದು ಕಷ್ಟ. ಬೋರ್ಡಿನ ಮೂಲೆಯಲ್ಲಿ ಯಾರೋ ‘ಹೇಗೆ ಸಾರ್’ ಎಂದು ಬರೆದಿದ್ದರು. ಯಾರಿಗೋ ಏನೋ ಅರ್ಥವಾಗಿರಲಿಲ್ಲವೇನೋ. ಅಳಿಸಿದೆ.

ಕಾರ್ಖಾನೆಗೆ ಹಾಕಿದ ಪತ್ರಕ್ಕೆ ಉತ್ತರವಿಲ್ಲ.

ಸಂಜೆ ಮನೆಗೆ ಬಂದಾಗ ಅಕ್ಕ ಜಗಲಿಯಲ್ಲಿ ಕೂತಿದ್ದಳು. ಪಕ್ಕದ ಮನೆಯಾಕೆ ಹಗಲು ನೋಡಿಕೊಳ್ಳುತ್ತಾಳೆ.

“ಇವತ್ತು ಏನು ಕಲಿಸಿದೆ?”

“ಒಂದು ಲೆಕ್ಕ.”

“ಒಂದೇನಾ? ಉತ್ತರ ಎಷ್ಟು?”

“ಹನ್ನೆರಡು.”

“ಹೇಗೆ ಬಂತು?”

ಮೊದಲ ಹಂತದಿಂದ ಕೊನೆಯ ಹಂತದವರೆಗೆ ಹೇಳಿದೆ. ಗಮನವಿಟ್ಟು ಕೇಳಿದಳು. ಎರಡು ಕಡೆ ತಲೆಯಾಡಿಸಿದಳು. ಮುಗಿಸಿದಾಗ ರಸ್ತೆಯ ಕಡೆ ನೋಡುತ್ತಿದ್ದಳು.

“ಹೇಗೆ ಬಂತು?” ಅಂದಳು.

ಚಪ್ಪಲಿ ಬಿಚ್ಚಿ ಪಕ್ಕದಲ್ಲಿ ಕೂತೆ. ಮತ್ತೆ ಮೊದಲ ಹಂತದಿಂದ ಹೇಳತೊಡಗಿದೆ.